ಊಟದ ನಂತರ ಒಂದು ಗುಳಿಗೆ

ಸನ್ಮತಿಗೆ ರಕ್ತ ಹಾಕಿಸದೆ ವರ್ಷ ತುಂಬುತ್ತ ಬಂದಿತ್ತು. ಅದೇನು ಹೇಳಿಕೊಳ್ಳುವಂಥ ದೊಡ್ಡ ಸಂಗತಿ ಎಂದು ಕೇಳುವವರಿದ್ದರೆ, ಬೆಳಗಾವಿಯ ಆ ಮನೆಗೆ ಹೋಗಿ ಅವಳ ತಾಯಿ ಕಾಂಚನಾಳನ್ನೇ ಕೇಳಬೇಕು. ಹಾಲು ಕುಡಿಯುವ ಕೂಸಾಗಿದ್ದಾಗಲೇ ಥಲಸ್ಸೇಮಿಯಾ ಎಂದು ಗೊತ್ತಾದ ಹುಡುಗಿ. ಮೂರು ವಾರಕ್ಕೊಮ್ಮೆ ಆಸ್ಪತ್ರೆ, ಯಾರದೋ ಪುಣ್ಯಾತ್ಮರ ರಕ್ತ, ಆ ರಕ್ತದ ಜೊತೆ ಬಂದು ಮೈಯೊಳಗೆ ಕೂಡಿಬೀಳುವ ಕಬ್ಬಿಣವನ್ನು ತೆಗೆಯಲು ಹೊಟ್ಟೆಗೆ ಸೂಜಿ. ಹತ್ತೊಂಬತ್ತು ವರ್ಷ ಹೀಗೇ ಹೋಗಿತ್ತು. ಈಗ ದಿನಕ್ಕೊಂದು ಗುಳಿಗೆ, ಅಷ್ಟೇ. ಹುಡುಗಿಯ ಕೆನ್ನೆಗೆ ಬಣ್ಣ ಬಂತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದವಳು ಸ್ಕೂಟಿ ಕಲಿತು, ಅಪ್ಪ ಧರಣೇಂದ್ರನ ಪಾತ್ರೆ ಅಂಗಡಿಗೆ ಮಧ್ಯಾಹ್ನದ ಬುತ್ತಿ ಒಯ್ದು ಕೊಟ್ಟು ಬರತೊಡಗಿದಳು.

ಆ ಗುಳಿಗೆಯನ್ನು ಮಾಡಿದವಳು ಧರಣೇಂದ್ರನ ತಂಗಿ ತ್ರಿಶಲಾ. ಧಾರವಾಡದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ವಿಜ್ಞಾನಿ. ಮದುವೆ ಮಾಡಿಕೊಳ್ಳಲಿಲ್ಲ, ಅಣ್ಣನ ಮಗಳ ಕಾಯಿಲೆಯನ್ನೇ ಕಟ್ಟಿಕೊಂಡಳು ಎಂದು ಬಳಗದವರು ಮೂಗು ಮುರಿಯುತ್ತಿದ್ದರು. ಅದು ಸುಳ್ಳೇನೂ ಅಲ್ಲ. ತಾಯಿಯ ಹೊಟ್ಟೆಯಲ್ಲಿರುವ ಕೂಸಿಗೆ ಬೇರೆಯದೇ ಒಂದು ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ದೇಹ ಆ ಜೀನನ್ನು ಮಲಗಿಸಿ, ದೊಡ್ಡವರ ಹಿಮೋಗ್ಲೋಬಿನ್ ಮಾಡುವ ಜೀನನ್ನು ಎಬ್ಬಿಸುತ್ತದೆ. ಸನ್ಮತಿಯಲ್ಲಿ ಕೆಟ್ಟದ್ದು ಈ ಎರಡನೆಯದು. ಮೊದಲನೆಯದು ಚೆನ್ನಾಗಿಯೇ ಇತ್ತು, ಮಲಗಿತ್ತು ಅಷ್ಟೇ. ಮಲಗಿದ್ದನ್ನು ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚಲು ಬಂದರೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ತ್ರಿಶಲಾ ತನ್ನ ಅರ್ಧ ಆಯುಷ್ಯ ಸವೆಸಿದ್ದಳು.

ಮೊದಲ ಡಬ್ಬಿ ತಂದುಕೊಟ್ಟ ದಿನ ಅಡುಗೆಮನೆಯಲ್ಲಿ ಕೂತು ವೈನಿ ಕಾಂಚನಾಳಿಗೆ ಅದನ್ನೆಲ್ಲ ಬಿಡಿಸಿ ಹೇಳಿದ್ದಳು.

"ನೋಡ್ರಿ ವೈನಿ, ಒಂದ ಜೀನು ಕೆಲಸ ಮಾಡಬೇಕಂದ್ರ ಅದರ ಮುಂದ ಅಡಿಗಿಯವ್ರ ಮೇಳ ಕೂಡಬೇಕು. ಒಬ್ಬಾಂವ ಬಂದು ಜಾಗಾ ಗುರುತ ಹಿಡೀತಾನ, ಇನ್ನೊಬ್ಬಾಂವ ಒಲಿ ಹೂಡತಾನ, ಮತ್ತೊಬ್ಬಾಂವ ಪಾತ್ರಿ ಇಳಸತಾನ. ಎಲ್ಲಾರೂ ಕೂಡಿದ ಮ್ಯಾಲನ ದೊಡ್ಡ ಅಡಿಗಿಯಾಂವ ಸೌಟು ಹಿಡಿಯೂದು. ಇವರೆಲ್ಲಾ ಪ್ರೋಟೀನುಗೋಳು. ಬಿಡಿಬಿಡಿಯಾಗಿ ಒಬ್ಬಾಂವನ ಕೈಲಿಂದನೂ ಏನೂ ಆಗೂದಿಲ್ಲ."

"ನಿನ್ನ ಗುಳಿಗಿ ಏನ್ ಮಾಡತೈತಿ?"

"ಮಲಗಿದ ಜೀನಿನ ಮುಂದ ಆ ಮೇಳಾನ ಹಿಡಕೊಂಡ ಬಂದು ಕೂಡಸತೈತಿ."

"ಮುಂಗಡ ಇಸಾರದ ರೊಕ್ಕಾ ಕೊಟ್ಟು ಕರಕೊಂಡ ಬಂದಂಗ ಅನ್ನು," ಎಂದು ಕಾಂಚನಾ ನಕ್ಕಳು. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪ್ರಯೋಗಾಲಯದಲ್ಲಿ ಆ ಗುಳಿಗೆಯ ಔಷಧಕ್ಕೆ ಇಟ್ಟ ಹೆಸರು ಕೊಂಡಿ. ಅದರ ಒಂದು ತುದಿ ಕೂಸಿನ ಹಿಮೋಗ್ಲೋಬಿನ್ ಜೀನಿನ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿ ಮೀಡಿಯೇಟರ್ ಎಂಬ ದೊಡ್ಡ ಪ್ರೋಟೀನು ಗುಂಪನ್ನು ಹಿಡಿದೆಳೆಯುತ್ತದೆ. ಮೀಡಿಯೇಟರ್ ಬಂದು ಕೂತರೆ ಉಳಿದವರು ತಾವಾಗಿಯೇ ಬರುತ್ತಾರೆ, ಜೀನನ್ನು ಓದುವ ಕಿಣ್ವ ಕೊನೆಗೆ ಬಂದು ಕೆಲಸ ಶುರು ಮಾಡುತ್ತದೆ. ಒಮ್ಮೆ ಸಿಕ್ಕಿಕೊಂಡ ಕೊಂಡಿ ವಾರಗಟ್ಟಲೆ ಬಿಡುವುದಿಲ್ಲ. ಅದನ್ನೇ ಅದರ ಹೆಚ್ಚುಗಾರಿಕೆ ಎಂದು ತ್ರಿಶಲಾ ಎಲ್ಲ ಸಭೆಗಳಲ್ಲಿ ಹೇಳಿಕೊಂಡು ಬಂದಿದ್ದಳು.

ಇನ್ನು ಅಣ್ಣನ ಮನೆಯ ಒಂದು ಸಂಗತಿ ಹೇಳಬೇಕು. ಅದು ಜೈನರ ಮನೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತೆಂದರೆ ಓಣಿಗೆ ಓಣಿಯೇ ಉಪವಾಸಕ್ಕೆ ನಿಲ್ಲುತ್ತದೆ. ಹನಿ ನೀರೂ ಮುಟ್ಟದ ಉಪವಾಸ. ಪರ್ವದ ಕೊನೆಯ ದಿನ ಅನಂತ ಚತುರ್ದಶಿ. ಅಂದು ಎಂಟು ವರ್ಷದ ಪೋರಿಯರೂ ಹಟ ಹಿಡಿದು ಉಪವಾಸ ಕೂರುತ್ತಾರೆ. ಮರುದಿನ ಅವರಿಗೆ ಹೊಸ ಬಟ್ಟೆ ತೊಡಿಸಿ, ವಾದ್ಯ ಹಚ್ಚಿ ಬಸದಿಗೆ ಕರೆದೊಯ್ದು, ಮನೆಗೆ ಕರೆತಂದು ಪಾರಣೆ ಮಾಡಿಸುತ್ತಾರೆ. ಬಂಧುಗಳೆಲ್ಲ ಸರದಿಯ ಮೇಲೆ ಒಂದೊಂದು ಗುಟುಕು ಕುಡಿಸುತ್ತಾರೆ. ಸನ್ಮತಿ ಮಾತ್ರ ಆ ಹತ್ತೂ ದಿನ ಒಳಕೋಣೆಯಲ್ಲಿ ಕೂತು ಉಪ್ಪಿಟ್ಟು ತಿನ್ನಬೇಕು. ಹತ್ತು ವರ್ಷದವಳಿದ್ದಾಗ ತನ್ನ ಓರಗೆಯವಳ ಮೆರವಣಿಗೆಯನ್ನು ಮಾಳಿಗೆಯ ಮೇಲಿಂದ ನೋಡುತ್ತ, "ಅತ್ತಿ, ನಾ ಯಾವಾಗ ಉಪಾಸ ಮಾಡೂದು?" ಎಂದು ಕೇಳಿದ್ದಳು. ತ್ರಿಶಲಾ ಅವಳ ತಲೆ ಸವರಿ, "ಅರಾಮ ಆದ ಮ್ಯಾಲ ಮಾಡುವಂತಿ ಬಿಡ," ಎಂದಿದ್ದಳು. ಮಕ್ಕಳಿಗೆ ಹೇಳುವ ಮಾತು, ಹೇಳಿ ಮರೆತಳು.

ಆ ವರ್ಷ ರಂಜಾನ್ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಒಂದು ಮಾತು ಬಂತು. ತಂದವಳು ಶಕೀಲಾ ನದಾಫ, ತ್ರಿಶಲಾಳ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು. ತಿಂಗಳಿಡೀ ರೋಜಾ ಹಿಡಿದು ಕೆಲಸ ಮಾಡಿದ್ದಳು.

"ಮೇಡಂ, ನಮ್ಮ ಇಲಿಗೋಳು ಹುಟ್ಟಿದಾಗಿಂದ ಒಂದ ದಿನಾನೂ ಉಪಾಸ ಇದ್ದಿಲ್ಲ. ಪಂಜರದಾಗ ಯಾವಾಗಲೂ ಕಾಳು ಬಿದ್ದಿರತಾವು. ಡಿಶ್ಶಿನ್ಯಾಗ ಜೀವಕೋಶಗೋಳೂ ಹಂಗ, ಸದಾ ಸಕ್ಕರಿ ನೀರಿನ್ಯಾಗ ಮುಣಗಿರತಾವು. ನಮ್ಮ ಮಂದಿ ಹಂಗಿಲ್ಲ. ರೋಜಾ ಅಂತಾರ, ಏಕಾದಶಿ ಅಂತಾರ, ಸೋಮವಾರ ಅಂತಾರ. ಹಸದಾಗ ಕೊಂಡಿ ಏನ್ ಮಾಡತೈತಿ, ನಾವು ನೋಡೇ ಇಲ್ಲ."

ತ್ರಿಶಲಾ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ, ಇಷ್ಟು ಜನ ಓದಿದವರು, ಒಬ್ಬರಿಗೂ ಇದು ಹೊಳೆದಿರಲಿಲ್ಲವಲ್ಲ! ನೋಡೋಣ ಎಂದಳು. ನೋಡಿದರು. ನೋಡದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮನುಷ್ಯ ಹಸಿದಾಗ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಆಗ ಯಕೃತ್ತಿನಲ್ಲಿ ಹಸಿವಿನ ಜೀನುಗಳು ಏಳಬೇಕು. ಅಡುಗೆಯ ಮೇಳ ಅಲ್ಲಿಗೆ ಓಡಿ, ದೇಹ ಕೂಡಿಟ್ಟ ಗಂಟಿನಿಂದಲೇ ಸಕ್ಕರೆ ಮಾಡಿ ಮೆದುಳಿಗೆ ಕಳಿಸಬೇಕು. ಮೇಳ ಇರುವುದು ಎಲ್ಲ ಜೀನುಗಳಿಗೂ ಸೇರಿ ಒಂದು ಅಳತೆಯಷ್ಟೇ; ಬೇಕಾದಷ್ಟಿಲ್ಲ. ಗುಳಿಗೆಯ ಬಹುಪಾಲು ಹೋಗಿ ನಿಲ್ಲುವುದು ಯಕೃತ್ತಿನಲ್ಲಿ. ಅಲ್ಲಿ ರಕ್ತದ ಜೀನಿಗೆ ಏನೂ ಕೆಲಸವಿಲ್ಲ, ಆದರೆ ಕೊಂಡಿಗೆ ಅದು ಹೇಗೆ ಗೊತ್ತಾಗಬೇಕು? ಬಾಗಿಲು ಸಿಕ್ಕ ಕೊಂಡಿ ಬಾಗಿಲಲ್ಲಿ, ಸಿಗದ ಕೊಂಡಿಗಳು ಸುಮ್ಮನೆ ತೇಲುತ್ತ, ಮೀಡಿಯೇಟರನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದವು. ಹೊಟ್ಟೆ ತುಂಬಿರುವ ತನಕ ಯಾರಿಗೂ ತಿಳಿಯುವುದಿಲ್ಲ. ಹಸಿದ ಹೊತ್ತಿಗೆ ಹಸಿವಿನ ಜೀನುಗಳು ಕೂಗಿ ಕರೆದರೂ ಬರುವವರೇ ಇಲ್ಲ. ಒಂದು ದಿನ ಕಾಳು ತೆಗೆದಿಟ್ಟಾಗ ಸಾದಾ ಇಲಿಗಳು ಪಂಜರದಲ್ಲಿ ಚಡಪಡಿಸಿದವು. ಕೊಂಡಿ ತಿಂದ ಇಲಿಗಳು ಮಗ್ಗುಲಿಗೆ ಬಿದ್ದಿದ್ದವು.

ತ್ರಿಶಲಾ ಶಕೀಲಾಳನ್ನು ಕರೆದುಕೊಂಡು ನಿರ್ದೇಶಕ ಸವಣೂರರ ಕೋಣೆಗೆ ಹೋದಳು. ಅಷ್ಟರಲ್ಲಿ ವಿಶೇಷ ಅನುಮತಿಯ ಮೇಲೆ ರಾಜ್ಯದ ನೂರಾರು ರೋಗಿಗಳಿಗೆ ಗುಳಿಗೆ ಹೋಗತೊಡಗಿತ್ತು.

"ಡಬ್ಬಿ ಮ್ಯಾಲ ದಪ್ಪ ಅಕ್ಷರದಾಗ ಹಾಕೂಣ್ರಿ ಸರ್, ಉಪವಾಸ ಮಾಡಬಾರದು ಅಂತ," ಎಂದಳು.

ಸವಣೂರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಕ್ರಿ. ನಾಳೆ ಪೇಪರದಾಗ ಬರತೈತಿ, ವ್ರತಾ ಕೆಡಿಸೋ ಗುಳಿಗಿ ಅಂತ. ನಾಡದ್ದು ಅನುಮತಿ ಕೊಟ್ಟವ್ರು ಕರಸಿ ಕೇಳತಾರ, ಯಾಕ ಹಾಕಿದ್ರಿ, ಏನ್ ಕಂಡ್ರಿ ಅಂತ. ಆಮ್ಯಾಲ ಎರಡ ವರ್ಷ ಎಲ್ಲಾ ಬಂದ್. ನಿಮ್ಮ ಅಣ್ಣನ ಮಗಳದೂ ಬಂದ್. ಅಕಿ ಹೃದಯ ಏನ್ ಸ್ಥಿತಿಯೊಳಗೈತಿ, ನಿಮಗ ನಾ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ಕಬ್ಬಿಣ ಕೂಡಿ ಕೂಡಿ ಸನ್ಮತಿಯ ಹೃದಯ ಸೋತಿತ್ತು. ಮತ್ತೆ ರಕ್ತಕ್ಕೆ ಹೋದರೆ ಬಹಳ ದಿನ ತಾಳುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು.

"ಥಲಸ್ಸೇಮಿಯಾ ಮಕ್ಕಳನ್ನ ಯಾರ್ರೀ ಉಪಾಸ ಕೆಡವತಾರ?" ಸವಣೂರರ ದನಿ ಮೆತ್ತಗಾಯಿತು. "ತಾಯಂದ್ರು ತುತ್ತು ಮಾಡಿ ಬಾಯಿಗಿಡತಾರ. ಊಟದ ನಂತರ ಒಂದು ಅಂತ ಹಾಕ್ರಿ, ಸಾಕು. ನೀವು ಅಷ್ಟರಾಗ ಹೊಸಾ ಕೊಂಡಿ ಮಾಡ್ರಿ, ಯಕೃತ್ತಿಗೆ ಹೋಗಲಾರದ್ದು."

"ಊಟಾನ ಮಾಡದವ್ರು, ಸರ್?" ಎಂದಳು ಶಕೀಲಾ.

"ಊಟ ಮಾಡದವ್ರು ಗುಳಿಗೀನೂ ತಗೊಳ್ಳೂದಿಲ್ಲ. ಇನ್ನೂ ಚಲೋ ಆತಲ್ಲ!"

ಒಂದು ದಿನ ಗುಳಿಗೆ ಬಿಟ್ಟ ಮಾತ್ರಕ್ಕೆ ಕೊಂಡಿ ಬಿಡುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಶಕೀಲಾ ತ್ರಿಶಲಾಳ ಮುಖ ನೋಡಿದಳು. ತ್ರಿಶಲಾ, "ಆಗಲಿ ಸರ್," ಎಂದಳು.

ವೈನಿಗಾದರೂ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ಹೇಳಿದರೆ ವೈನಿ ಹೆದರಿ ಗುಳಿಗೆಯನ್ನೇ ನಿಲ್ಲಿಸಿಬಿಟ್ಟಾಳು ಎಂಬ ಅಂಜಿಕೆ ಒಂದು. ಆ ಮನೆಯಲ್ಲಿ ಸನ್ಮತಿಯನ್ನು ಯಾರೂ ಉಪವಾಸ ಕೂರಿಸುವುದಿಲ್ಲ ಎಂಬ ಧೈರ್ಯ ಇನ್ನೊಂದು. ಇವೆರಡರ ಕೆಳಗೆ ಮೂರನೆಯದೂ ಇತ್ತು, ಅದು ತೀರಾ ನಾಚಿಕೆಗೇಡಿನದು: ಆ ಮನೆಯಲ್ಲಿ ತನ್ನನ್ನು ದೇವರ ಹಾಗೆ ನೋಡುತ್ತಿದ್ದರು, ಆ ನೋಟ ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಫೋನ್ ಮಾಡಿ, "ಹೊತ್ತಿಗೆ ಸರಿಯಾಗಿ ಉಣಸ್ರಿ ವೈನಿ ಅಕಿಗೆ," ಎಂದಷ್ಟೇ ಹೇಳಿದಳು.

"ಹತ್ತೊಂಬತ್ತ ವರ್ಷ ಉಣಿಸೇನಿ, ಈಗ ಹೇಳಾಕ ಬಂದ್ಲು ನೋಡು ದೊಡ್ಡಾಕಿ!" ಎಂದು ಕಾಂಚನಾ ಚೇಷ್ಟೆ ಮಾಡಿದಳು. ಇಬ್ಬರೂ ನಕ್ಕರು.

ಭಾದ್ರಪದ ಬಂತು. ಕಾಂಚನಾ ಪ್ರತಿವರ್ಷ ಅನಂತ ಚತುರ್ದಶಿಯ ಉಪವಾಸ ಮಾಡುವವಳು, ತ್ರಿಶಲಾ ಪ್ರತಿವರ್ಷ ಮರುದಿನದ ಪಾರಣೆಗೆ ಹೋಗುವವಳು. ಈ ಸಲ ಕಾಂಚನಾ ಫೋನಿನಲ್ಲಿ, "ತಪ್ಪಸಬ್ಯಾಡ ಮತ್ತ. ಸನ್ಮತಿ ನಿನ್ನ ಸಲುವಾಗಿ ಏನೋ ಇಟ್ಟಾಳ," ಎಂದಿದ್ದಳು. ಹಿಂದೆ ಹುಡುಗಿಯ ಕಿಲಕಿಲ ನಗು, "ಅವ್ವಾ, ಹೇಳಬ್ಯಾಡ!" ಎಂಬ ಕೂಗು ಕೇಳಿಸಿತ್ತು. ತ್ರಿಶಲಾ ವೈನಿಗೊಂದು ಸೀರೆ ಕೊಂಡು, ಪಾರಣೆಯ ದಿನ ಬೆಳಿಗ್ಗೆ ಕಾರು ಹೊರಡಿಸಿದಳು.

ಓಣಿಯ ತಿರುವಿನಲ್ಲಿ ಕಂಬಕ್ಕೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಕೇಸರಿ ಸೀರೆಯುಟ್ಟು ಕೈಮುಗಿದು ನಿಂತ ಸನ್ಮತಿ. ಮೇಲೆ, 'ಕುಮಾರಿ ಸನ್ಮತಿಯ ಪ್ರಥಮ ಉಪವಾಸದ ಪಾರಣಾ ಮಹೋತ್ಸವ'. ಕೆಳಗೆ ಶುಭ ಕೋರುವವರ ಸಣ್ಣ ಸಣ್ಣ ಮುಖಗಳು. ಅವುಗಳ ನಡುವೆ ಸ್ವಲ್ಪ ದೊಡ್ಡದಾಗಿ ತ್ರಿಶಲಾಳದೇ ಫೋಟೊ, 'ವಿಶೇಷ ಕೃತಜ್ಞತೆಗಳು' ಎಂದು ಬರೆದಿತ್ತು.

ತ್ರಿಶಲಾ ಕಾರನ್ನು ಅಲ್ಲೇ ನಡುದಾರಿಯಲ್ಲಿ ಬಿಟ್ಟು ಓಡಿದಳು.

ಮನೆಯ ಮುಂದೆ ಮಂಟಪ ಹಾಕಿದ್ದರು. ಹೆಂಗಸರು ಹಾಡು ಹೇಳುತ್ತಿದ್ದರು. "ಬಂದ್ರು ಬಂದ್ರು, ಡಾಕ್ಟರ ಅಕ್ಕಾರ ಬಂದ್ರು!" ಎಂದು ಯಾರೋ ಕೂಗಿದರು. ಕಾಂಚನಾ ಅರಿಶಿಣ ಕುಂಕುಮದ ತಟ್ಟೆ ಹಿಡಿದೇ ಎದುರು ಬಂದಳು.

"ಸನ್ಮತಿ ಎಲ್ಲೆ?"

"ಇನ್ನೂ ಎದ್ದಿಲ್ಲ, ಮಲಗ್ಯಾಳ. ನೀನ ಹೇಳಿದ್ದೆಂತಲ್ಲ, ಅರಾಮ ಆದ ಮ್ಯಾಲ ಮಾಡು ಅಂತ! ನಾ ಬ್ಯಾಡಂದ್ರ ಅತ್ತಿ ಮಾತು ಕೊಟ್ಟಾಳಂತ ಕುಂತ್ಲು. ನಿನ್ನೆ ಸಂಜಿಮುಂದ ಕೈ ನಡಗಾಕತ್ತಿದ್ವು, ಮಾತು ತೊದಲಾಕತ್ತಿತ್ತು. ಮೊದಲನೇ ಉಪಾಸ, ಹಂಗ ಆಕೈತಿ ಅಂದ್ರು ಎಲ್ಲಾರೂ. ಗುಳಿಗಿ ಚಿಂತಿ ಮಾಡಬ್ಯಾಡ, ಅದನ್ನೂ ಕೊಟ್ಟಿಲ್ಲ. ಊಟದ ನಂತರ ಅಂತ ಬರದೈತಿ, ಊಟಾನ ಇಲ್ಲಂದ ಮ್ಯಾಲ ಗುಳಿಗೀನೂ ಇಲ್ಲ. ಡಬ್ಬಿ ಓದೇ ಮಾಡೀವಿ."

ತ್ರಿಶಲಾ ಅವಳನ್ನು ದೂಡಿಕೊಂಡೇ ಒಳಗೆ ನುಗ್ಗಿದಳು. ಸನ್ಮತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈಗೆ ಮದರಂಗಿ, ಹಣೆಯ ಮೇಲೆ ತಣ್ಣನೆಯ ಬೆವರು. ಅಲುಗಾಡಿಸಿದರೆ ಅಲುಗಲಿಲ್ಲ. ಉಸಿರಿತ್ತು. ಪಾರಣೆಗೆಂದು ಇಟ್ಟಿದ್ದ ಬೆಲ್ಲದ ನೀರನ್ನು ತ್ರಿಶಲಾ ಬೆರಳಿನಿಂದ ಅವಳ ವಸಡಿಗೆ ತಿಕ್ಕತೊಡಗಿದಳು.

"ಅಯ್ಯೋ, ಪೂಜಿ ಮುಗದಿಲ್ಲ ತಂಗೀ! ಬಾಯಿಗೇನೂ ಹಾಕಬ್ಯಾಡ, ನೇಮ ಕೆಡತೈತಿ," ಎಂದು ಒಬ್ಬ ಮುದುಕಿ ಕೈ ಹಿಡಿದಳು.

"ಕೆಡಲಿ! ಕೆಟ್ಟ ಹೋಗಲಿ!" ಎಂದು ತ್ರಿಶಲಾ ಕಿರುಚಿದಳು. "ಅಣ್ಣಾ, ಎತ್ತಿಕೋ ಅಕಿನ್ನ!"

ಧರಣೇಂದ್ರ ಮಗಳನ್ನು ಎತ್ತಿಕೊಂಡು ಓಡಿದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ರಕ್ತದ ಸಕ್ಕರೆ ಸರಿಹೋಯಿತು, ಹುಡುಗಿ ಕಣ್ಣು ತೆರೆಯಲಿಲ್ಲ. ಸಕ್ಕರೆಯಿಲ್ಲದೆ ಬಹಳ ಹೊತ್ತು ಇದ್ದ ಮೆದುಳು ಮತ್ತೆ ಏಳಲಿಲ್ಲ. ಎರಡು ದಿನ ಹಾಗೇ ಉಸಿರಾಡಿ ಮೂರನೆಯ ದಿನ ಹೋಗಿಬಿಟ್ಟಳು. ಹಳೆಯ ಕಾಯಿಲೆ, ಸೋತ ಹೃದಯ ಎಂದು ಆಸ್ಪತ್ರೆಯವರು ಕಾರಣ ಬರೆದರು. ಕೊಂಡಿಯ ಸಂಗತಿ ಅವರಿಗೇನು ಗೊತ್ತು?

ಚಿತೆಗೆ ಇಟ್ಟು ಬಂದರು. ಮಾರನೆಯ ದಿನದಿಂದ ಮನೆಗೆ ಜನ ಬರತೊಡಗಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಓಣಿಯವರೇ ಅಡುಗೆ ಮಾಡಿ ತರುತ್ತಿದ್ದರು. ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು. ಎಂಥಾ ಪುಣ್ಯವಂತಿ ಹುಡುಗಿ! ಪರ್ವದ ಉಪವಾಸ ಮಾಡಿ ಹೋದಳಲ್ಲ, ಉಪವಾಸದಲ್ಲೇ ದೇಹ ಬಿಡುವ ಮುನಿಗಳಿಗೂ ಇಂಥ ಸಾವು ಸುಲಭಕ್ಕೆ ಬರುವುದಿಲ್ಲ. ಕಂಬದ ಮೇಲೆ ಹೊಸ ಫ್ಲೆಕ್ಸ್ ಬಂತು. ಅದೇ ಫೋಟೊ, 'ಪುಣ್ಯಾತ್ಮಳಿಗೆ ನಮನ'. ಹೆಂಗಸರು ತ್ರಿಶಲಾಳ ಕೈ ಹಿಡಿದು, "ನಿಮ್ಮ ಉಪಕಾರದಿಂದ ಹುಡುಗಿ ಆಸೆ ತೀರಿಸಿಕೊಂಡು ಹೋತು," ಎನ್ನುತ್ತಿದ್ದರು. ಅವಳು ಆ ಕೈಗಳನ್ನು ಕೊಡವಿಕೊಳ್ಳಲೂ ಆಗದೆ, ಹಿಡಿದಿರಲೂ ಆಗದೆ ಕೂತಿರುತ್ತಿದ್ದಳು.

ಸವಣೂರರು ಫೋನ್ ಮಾಡಿದರು. "ಬಹಳ ಕೆಟ್ಟ ಆತ್ರಿ. ಆದ್ರ ಆಸ್ಪತ್ರೆಯವ್ರು ಹೃದಯ ಅಂತ ಬರದಾರ. ನೀವು ಸದ್ಯ ಸುಮ್ನಿರ್ರಿ." ಅವರ ಹಿಂದೆಯೇ ಶಕೀಲಾಳ ಫೋನು.  "ಮೇಡಂ, ಇನ್ನ ಹನ್ನೆರಡ ದಿನಕ್ಕ ನವರಾತ್ರಿ ಬಂತು," ಎಂದಷ್ಟೇ ಹೇಳಿ ಇಟ್ಟಳು.

ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದರು. ಒಳಗೆ ಜಮಖಾನೆಯ ಮೇಲೆ ಕಾಂಚನಾ ಒಬ್ಬಳೇ ಇದ್ದಳು. ತ್ರಿಶಲಾ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಇಲಿ, ಯಕೃತ್ತು, ಸವಣೂರರ ಕೋಣೆ, ಡಬ್ಬಿಯ ಮೇಲಿನ ಸಾಲು, ಒಂದನ್ನೂ ಬಿಡಲಿಲ್ಲ. 

"ಗೊತ್ತಿತ್ತೇನ ನಿನಗ?" ಎಂದಳು ಕಾಂಚನಾ.

"ಗೊತ್ತಿತ್ತು ವೈನಿ."

"ಉಣಸ್ರಿ ಅಂದಿ. ಉಪಾಸ ಕೂಡಸಬ್ಯಾಡ್ರಿ ಅಂತ ಒಂದ ಮಾತು ಹೆಚ್ಚಿಗಿ ಆಡಾಕ ಆಗಲಿಲ್ಲೇನ?"



ಕಾಂಚನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೋದಾಕಿ ಹೋದ್ಲು. ಇದನ್ನ ಯಾರ ಮುಂದೂ ಆಡಬ್ಯಾಡ. ಹುಟ್ಟಿದಾಗಿಂದ ಅಕಿನ್ನ ಕಂಡವರೆಲ್ಲಾ ಅಯ್ಯೋ ಅಂದ್ರು. ಈಗ ಮೊದಲನೇ ಸರತೆ ಕೈ ಮುಗಿಯಾಕತ್ತಾರ. ಅದೊಂದನ್ನ ಕಸಗೋಬ್ಯಾಡ. ನಿನ್ನ ಕಾಲ ಬೀಳತೇನಿ."

"ವೈನಿ, ಆ ಗುಳಿಗಿ ತಿನ್ನೋರು ಇನ್ನೂ ನೂರಾರ ಮಂದಿ ಅದಾರ. ನವರಾತ್ರಿ ಬಂತು. ಅರಾಮ ಆಗೇತಿ ಅಂತ ಎಲ್ಲಾರೂ ಹರಕಿ ತೀರಸಾಕ ಕುಂದರತಾರ."

"ಅವರು ನನಗ್ಯಾರು?"

"ಅವ್ರಿಗೂ ತಾಯಂದ್ರು ಅದಾರ."

"ನಾ ತಾಯಿ ಇದ್ದಿಲ್ಲೇನ?" ಎಂದಳು ಕಾಂಚನಾ. "ನನ್ನ ಸರದಿ ಬಂದಾಗ ಬಾಯಿ ಬರಲಿಲ್ಲ ನಿನಗ. ಈಗ ಮಂದಿ ಮಕ್ಕಳ ಮ್ಯಾಲ ಮಮತಾ ಉಕ್ಕಿ ಬಂತೇನು?"

ತ್ರಿಶಲಾ ಎದ್ದು ಹೊರಗೆ ಹೋಗಿ ಫೋನ್ ಮಾಡಬಹುದಿತ್ತು; ಅದು ಕಳ್ಳತನವೆನಿಸಿತು. ಅಲ್ಲೇ, ಕಾಂಚನಾಳ ಎದುರಿಗೇ, ಶಕೀಲಾಳಿಗೆ ಫೋನ್ ಹಚ್ಚಿದಳು.

"ಶಕೀಲಾ, ಪೇಷಂಟಗಳ ಮನಿಗೆಲ್ಲಾ ಫೋನ್ ಮಾಡು. ಒಬ್ಬರೂ ಉಪಾಸ ಕೂಡಬಾರದು ಅನ್ನು. ಒಂದ ಹೊತ್ತಿನ ಊಟಾನೂ ಬಿಡಬಾರದು. ಪೇಪರದವರಿಗೂ ಹೇಳು. ಸವಣೂರ ಸರ್ ಬೈದ್ರ ನನ್ನ ಹೆಸರು ಹೇಳು."

"ನಂಬತಾರೇನು ಮೇಡಂ?"

"ಸನ್ಮತಿ ಹೆಸರು ಹೇಳು. ಇದರಿಂದನ ಸತ್ತಳು ಅನ್ನು."

"ಇಷ್ಟ ದಿನ ಯಾಕ ಹೇಳಲಿಲ್ಲ ಅಂತ ಕೇಳಿದ್ರ?"

"ಗೊತ್ತಿದ್ದೂ ಹೇಳಲಿಲ್ಲ ಅನ್ನು."

ಕಟ್ಟೆಯ ಮೇಲಿನ ಮಾತು ನಿಂತುಹೋಗಿತ್ತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ನೆರೆಮನೆಯಾಕೆ ಒಳಗೆ ಇಣುಕಿ, "ಹಂಗಾದ್ರ ಹುಡುಗಿ ಉಪಾಸದ ಪುಣ್ಯಾದಿಂದ ಹೋಗಿಲ್ಲೇನ? ಗುಳಿಗಿಯಿಂದೇನು?" ಎಂದಳು. ಕೇಳಿದವಳ ದನಿಯಲ್ಲಿ ದುಃಖಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಹಿಂದಿನಿಂದ ಇನ್ನೊಬ್ಬಳು, "ಅಯ್ಯೋ," ಎಂದಳು.

ಆ ಅಯ್ಯೋ ಕಾಂಚನಾಳ ಕಿವಿಗೆ ಬಿತ್ತು. ಅವಳು ಗೋಡೆ ಹಿಡಿದು ಎದ್ದಳು. ಓಣಿಯವರು ತಂದಿಟ್ಟಿದ್ದ ಅನ್ನದ ಪಾತ್ರೆಯ ಪಕ್ಕದಲ್ಲಿ ತಟ್ಟೆಗಳನ್ನು ಸಾಲಾಗಿ ಹಾಕಿದ್ದರು. ಬಗ್ಗಿ ಅವುಗಳಲ್ಲಿ ಒಂದನ್ನು ತೆಗೆದು ಗೋಡೆಗೆ ಆನಿಸಿ ಇಟ್ಟಳು.

"ಏಳು ತ್ರಿಶಲಾ. ಮಂದಿ ಉಣ್ಣಾಕ ಕೂಡತಾರ," ಎಂದಳು. "ಈ ಮನ್ಯಾಗ ಇನ್ನ ನಿನಗ ತುತ್ತಿಲ್ಲ."